ಜಾವಕ ವಹಿಯ ಖಾಲಿ ಸಾಲು

ಮಾನ್ಯ ಓದುಗರಲ್ಲಿ ವಿನಯಪೂರ್ವಕ ಅರಿಕೆ.

ಕಳೆದ ತಿಂಗಳು ಕಾಚಿಗುಡದ ಬಾಡಿಗೆ ಮನೆಯೊಂದರಲ್ಲಿ ತೀರಿಕೊಂಡ ಹಿರಿಯರೊಬ್ಬರ ಕುರಿತು ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಕೆಲವು ಪುಟ ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಯವರು ನನ್ನನ್ನು ಕೋರಿರುತ್ತಾರೆ. ಆ ಹಿರಿಯರ ಜೊತೆ ಕೆಲಸ ಮಾಡಿದವರಲ್ಲಿ ಈಗ ಉಳಿದವನು ನಾನೊಬ್ಬನೇ ಎಂಬುದು ಕಾರ್ಯದರ್ಶಿಯವರು ನೀಡಿದ ಕಾರಣ. ನಾನು ಮೂವತ್ತನಾಲ್ಕು ವರ್ಷ ಸರಕಾರಿ ಕಚೇರಿಯಲ್ಲಿ ಪತ್ರಗಳ ನಡುವೆ ಇದ್ದವನು. ಬೇರೆಯವರ ಸಹಿಗೆಂದು ಎಷ್ಟೋ ಪತ್ರಗಳ ಕರಡು ಮಾಡಿದ್ದೇನೆ. ನನ್ನ ಸ್ವಂತ ಹೆಸರಿನಲ್ಲಿ ಬರೆಯುತ್ತಿರುವುದು ಇದೇ ಮೊದಲು.

ಆ ಹಿರಿಯರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರು ಈಗಾಗಲೇ ಒಂದು ಕಡೆ ತಪ್ಪಾಗಿ ಬರೆಯಲ್ಪಟ್ಟಿದೆ. ಅವರ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಷರಾ ಇದೆ. ಅಣೆಕಟ್ಟಿನ ಕೆಳಗಿನ ಜನರಿಗೆ ಮುನ್ಸೂಚನೆ ಕೊಡಬೇಕೆಂಬ ಲಿಖಿತ ಆದೇಶ ಕೈಸೇರಿದ್ದರೂ ಅವರು ಪಾಲಿಸಲಿಲ್ಲ, ಅದರಿಂದಾಗಿ ಒಂದು ಜೀವ ಹೋಯಿತು ಎಂಬುದು ಅದರ ಸಾರಾಂಶ. ಆ ಷರಾ ಸುಳ್ಳು. ಸುಳ್ಳೆಂದು ನನಗೆ ಹೇಗೆ ತಿಳಿದಿದೆ ಎಂಬುದನ್ನು ನಿವೇದಿಸುವುದೇ ಈ ಬರಹದ ಉದ್ದೇಶ.

ನಗರದ ಪಶ್ಚಿಮಕ್ಕೆ, ಮೂಸಿಯನ್ನು ಸೇರುವ ಹೊಳೆಯೊಂದಕ್ಕೆ ಅಡ್ಡಲಾಗಿ ಕಟ್ಟಿದ ಸಣ್ಣ ಅಣೆಕಟ್ಟು ಅದು. ಹಿಂದಿನವರು ಅದನ್ನು ಕಟ್ಟಿಸಿದ್ದು ನೀರು ಕೂಡಿಡಲಿಕ್ಕಲ್ಲ. ಮಳೆ ಒಮ್ಮೆಲೇ ಸುರಿದಾಗ ನೆರೆಯನ್ನು ತಡೆದು ಹಿಡಿದು, ನಿಧಾನವಾಗಿ ಕೆಳಗೆ ಬಿಡಲಿಕ್ಕೆ. ರಾಜಧಾನಿ ಬೆಳೆದಂತೆ ಕುಡಿಯುವ ನೀರಿಗೂ ಜನ ಅದನ್ನೇ ನೆಚ್ಚಿಕೊಂಡರು. ತೊಡಕು ಅಲ್ಲಿಂದಲೇ ಆರಂಭವಾಯಿತು. ನೆರೆ ತಡೆಯಬೇಕಾದರೆ ಕಟ್ಟೆ ಅರ್ಧ ಖಾಲಿ ಇರಬೇಕು. ಕುಡಿಯಬೇಕಾದರೆ ತುಂಬಿರಬೇಕು. ಆ ಕಟ್ಟೆಯ ಐದು ಗೇಟುಗಳಿಗೆ ಸದರಿಯವರು ಮೇಲ್ವಿಚಾರಕರಾಗಿದ್ದರು. ನಾನು ನಗರದಲ್ಲಿದ್ದ ವಿಭಾಗ ಕಚೇರಿಯಲ್ಲಿ ಜಾವಕ ಗುಮಾಸ್ತನಾಗಿದ್ದೆ. ಕಚೇರಿಯಿಂದ ಹೊರಹೋಗುವ ಪ್ರತಿಯೊಂದು ಪತ್ರಕ್ಕೂ ಸಂಖ್ಯೆ ಕೊಟ್ಟು ದಪ್ಪನೆಯ ವಹಿಯಲ್ಲಿ ದಾಖಲಿಸುವುದು ನನ್ನ ಕೆಲಸ.

ಅವರು ಕಲಬುರಗಿ ಕಡೆಯವರು, ನಾವು ಬೀದರ ಕಡೆಯವರು. ಹೈದರಾಬಾದಿನ ಕಚೇರಿಯಲ್ಲಿ ಇಷ್ಟೇ ಸಾಕು, ಬಂಧುಗಳಾಗಲು. ಎತ್ತರದ, ಸ್ವಲ್ಪ ಬಾಗಿದ ಆಳು. ಎಡಗೈ ಹೆಬ್ಬೆರಳಿನ ತುದಿ ಇರಲಿಲ್ಲ. ಗೇಟು ಎತ್ತುವ ತಂತಿಹಗ್ಗಕ್ಕೆ ಅದನ್ನು ಕೊಟ್ಟಿದ್ದರು. ಕಂಕುಳಲ್ಲಿ ಯಾವಾಗಲೂ ಕಪ್ಪು ಛತ್ರಿ ಇರುತ್ತಿತ್ತು. ಅದನ್ನು ಬಿಡಿಸಿದ್ದನ್ನು ನಾನು ಕಾಣೆ. ಮಳೆಯಲ್ಲಿ ನೆನೆದುಕೊಂಡೇ ಬಂದವರನ್ನು ಒಮ್ಮೆ ಕೇಳಿದ್ದಕ್ಕೆ, "ಛತ್ರಿ ಬಿಚ್ಚಿದ್ರ ಮುಗಿಲು ಕಾಣೂದಿಲ್ಲಲ್ರೀ ರಾಯರ" ಎಂದಿದ್ದರು. ಹಾಗಾದರೆ ಛತ್ರಿ ಯಾಕೆ ಎಂದು ನಾನು ಕೇಳಲಿಲ್ಲ.

ಸುಲ್ತಾನ್ ಬಜಾರಿನ ಹಿಂದಿನ ಓಣಿಯಲ್ಲಿದ್ದ ನಮ್ಮ ಮನೆಗೆ ಅವರು ತಿಂಗಳಿಗೊಮ್ಮೆ ಊಟಕ್ಕೆ ಬರುತ್ತಿದ್ದರು. ಜೋಳದ ರೊಟ್ಟಿಯನ್ನು ಬಟ್ಟಲಲ್ಲಿ ಮುರಿದು, ಬೇಳೆಯಲ್ಲಿ ನೆನೆಸಿ, ಚಮಚದಿಂದ ತಿನ್ನುತ್ತಿದ್ದರು. ನನ್ನ ಹೆಂಡತಿಗೆ ಇದು ದೊಡ್ಡ ತಮಾಷೆ.

"ಏನ್ರೀ ಭಾವಜಿ, ರೊಟ್ಟಿಗೂ ಚಮಚೇನು? ಲಾಟ್‌ಸಾಹೇಬ್ರ ಮನ್ಯಾಗ ಬೆಳದ್ರೇನು?"

"ವೈನಿ, ಈ ಕೈ ಮೂಸಿ ನೋಡ್ರಿ ಒಮ್ಮೆ," ಎಂದು ಅಂಗೈ ಚಾಚಿದರು. ಗೇಟಿಗೆ ಸವರುವ ಗ್ರೀಸಿನ ವಾಸನೆ, ಎಷ್ಟು ತೊಳೆದರೂ ಹೋಗದ್ದು. "ಇದರ ರುಚಿ ನಿಮ್ಮ ಬ್ಯಾಳಿಗೆ ಹತ್ತಬಾರದು ಅಂತ ರೀ. ಲಾಟ್‌ಸಾಹೇಬ ಅಲ್ಲ, ಗ್ರೀಸ್‌ಸಾಹೇಬ."

ಕಚೇರಿಯಲ್ಲಿ ಅವರಿಗೆ ಬೇರೆ ಹೆಸರಿತ್ತು. ಪ್ರತಿ ಶನಿವಾರ ಅವರು ಕಟ್ಟೆಯಿಂದ ಎರಡು ಬಸ್ಸು ಬದಲಿಸಿ, ಕೈಯಲ್ಲಿ ಒಂದು ಪತ್ರ ಹಿಡಿದುಕೊಂಡು ಬರುತ್ತಿದ್ದರು. ಟಪಾಲಿನಲ್ಲಿ ಕಳಿಸಿದರೆ ಬುಧವಾರ ತಲುಪುತ್ತದೆ ಎಂದರೆ, "ನೀರಿಗೆ ರವಿವಾರ ಇಲ್ರೀ, ಟಪಾಲಿಗೆ ಐತಿ" ಎನ್ನುತ್ತಿದ್ದರು. ಅವರು ಬಾಗಿಲಲ್ಲಿ ಕಾಣಿಸುತ್ತಲೇ ನಮ್ಮ ಹೆಡ್ ಕ್ಲಾರ್ಕರು, ಅವರೂ ರಾಯಚೂರಿನ ನಮ್ಮವರೇ, ದಖನಿಯಲ್ಲಿ ಕೂಗುವರು: "ಆಗಯೇ, ತೂಫಾನ್ ಸಾಬ್! ಇವತ್ತ ಯಾವ ಮೊಹಲ್ಲಾ ಮುಳುಗಸ್ತೀರಿ?"

"ನೀವು ಸಹಿ ಮಾಡಿಸಿಕೊಟ್ರ ಯಾವುದೂ ಮುಳುಗೂದಿಲ್ರಿ," ಎಂದು ಇವರು ನಗುತ್ತಲೇ ಪತ್ರವನ್ನು ಮೇಜಿನ ಮೇಲಿಡುವರು.

ಆ ಪತ್ರಗಳ ವಿಷಯ ಹೆಚ್ಚು ಕಡಿಮೆ ಒಂದೇ. ಮೂರನೆಯ ಗೇಟಿನ ತಂತಿಹಗ್ಗ ಸವೆದಿದೆ, ಬದಲಿಸಬೇಕು. ಎಚ್ಚರಿಕೆಯ ಸೈರನ್ ಕೆಟ್ಟಿದೆ, ರಿಪೇರಿಯಾಗಬೇಕು. ಮಳೆಗಾಲ ಮುಗಿಯುವವರೆಗೆ ಕಟ್ಟೆಯ ನೀರನ್ನು ಎರಡು ಗಜ ಕೆಳಗೆ ಇಡಲು ಅಪ್ಪಣೆಯಾಗಬೇಕು. ಈ ಕೊನೆಯ ಕೋರಿಕೆಯನ್ನು ಕಂಡರೆ ಎಲ್ಲರಿಗೂ ಸಿಟ್ಟು. ಬೇಸಿಗೆಯಲ್ಲಿ ನಲ್ಲಿ ಒಣಗಿದಾಗ ಬೈಸಿಕೊಳ್ಳುವವರು ಯಾರು?

"ಅಲ್ರೀ, ತುಂಬಿದ ಕೆರಿ ನೋಡಿ ಊರೆಲ್ಲಾ ಸಂತೋಷಪಡತೈತಿ, ನಿಮಗೇನು ಬ್ಯಾನಿ?" ಎಂದು ಹೆಡ್ ಕ್ಲಾರ್ಕರು ಕೇಳಿದಾಗ ಅವರು ಕೊಟ್ಟ ಉತ್ತರ ನನಗೆ ಇಂದಿಗೂ ಬಾಯಿಪಾಠವಿದೆ.

"ನೀವೆಲ್ಲಾರೂ ನೀರು ನೋಡ್ತೀರಿ. ನಾ ಖಾಲಿ ಜಾಗಾ ಎಷ್ಟುಳೀತು ಅಂತ ನೋಡ್ತೀನಿ. ಬರೂ ನೀರಿಗೆ ಜಾಗಾ ಬೇಕಲ್ರೀ. ಕಟ್ಟಿ ಕೆಲಸ ಅಂದ್ರ ಅದು."

ತಂತಿಹಗ್ಗವನ್ನು ಅವರು ಪರೀಕ್ಷಿಸುತ್ತಿದ್ದ ಕ್ರಮವನ್ನು ಇಲ್ಲಿ ನಮೂದಿಸುವುದು ಅವಶ್ಯ. ಹಳೆಯ ಧೋತರದ ಚಿಂದಿಯನ್ನು ಹಗ್ಗಕ್ಕೆ ಸುತ್ತಿ, ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಎಳೆಯುವರು. ತುಂಡಾದ ಎಳೆ ಇದ್ದಲ್ಲಿ ಬಟ್ಟೆ ಸಿಕ್ಕಿಕೊಂಡು ಹರಿಯುತ್ತದೆ. ಕಣ್ಣಿಗೆ ಕಾಣದ್ದು ಬಟ್ಟೆಗೆ ಗೊತ್ತಾಗುತ್ತದೆ ಎನ್ನುವರು. ಒಮ್ಮೆ ಹಾಗೆ ಹರಿದ ಚಿಂದಿಯನ್ನೇ ಗುಂಡುಸೂಜಿಯಿಂದ ಪತ್ರಕ್ಕೆ ಚುಚ್ಚಿ ತಂದಿದ್ದರು.

"ಇದೇನ್ರೀ, ಫೈಲಿಗೆ ಚಿಂದಿ ಹಚ್ಚೀರಿ?" ಎಂದರು ಹೆಡ್ ಕ್ಲಾರ್ಕರು.

"ಅಡಕ ರೀ. ಎಣಿಸಿ ನೋಡ್ರಿ, ಹನ್ನೊಂದು ಕಡೆ ಹರದೈತಿ."

"ಅಡಕ ಅಂದ್ರ ಕಾಗದ ಇರಬೇಕು. ನಾಳೆ ಗೇಟ್ ತಂದು ಫೈಲಿನಾಗ ಇಡ್ತೀರೇನು?" ಎಂದು ಹೆಡ್ ಕ್ಲಾರ್ಕರು ಚಿಂದಿಯನ್ನು ಕಿತ್ತು ಬುಟ್ಟಿಗೆ ಹಾಕಿದರು. ಕಚೇರಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ದಿನ ಅವರದೊಂದು ಪದ್ಧತಿಯಿತ್ತು. ಬೆಳಿಗ್ಗೆ ಐದೂ ಗೇಟುಗಳನ್ನು ಗೇಣಿನಷ್ಟು ಎತ್ತಿ ಇಳಿಸುವರು. ಅನಂತರ ಸೈಕಲ್ ಹತ್ತಿ, ಹೊಳೆಯ ಪಾತ್ರದುದ್ದಕ್ಕೂ ಮನೆಮನೆಗೆ ಹೋಗಿ ತಮ್ಮ ವಹಿಯನ್ನು ತಿದ್ದಿಕೊಳ್ಳುವರು. ರಟ್ಟಿನ ಹೊದಿಕೆಯ ಉದ್ದನೆಯ ವಹಿ ಅದು. ಸರಕಾರಿಯಲ್ಲ, ಸ್ವಂತದ್ದು. ಅದರಲ್ಲಿ ಮನೆ ನಂಬರು ಇರಲಿಲ್ಲ. ಯಾರಿಗೆ ಕಾಲು ಬಾರದು, ಯಾರ ಎಮ್ಮೆ ಈಯಲಿದೆ, ಯಾರು ಹಗಲು ಮಲಗುತ್ತಾರೆ, ಯಾರ ಮನೆಯಲ್ಲಿ ಬಾಣಂತಿ, ನೀರು ಬಂದರೆ ಮೊದಲು ಯಾರಿಗೆ ಹೇಳಬೇಕು, ಹೇಳಿದವರು ಯಾರು ಎಂಬ ಕಲಮುಗಳಿದ್ದವು. ಒಂದು ವರ್ಷ ನಾನೂ ಜೊತೆಗೆ ಹೋಗಿದ್ದೆ.

ಹೊಳೆಯ ಪಾತ್ರದಲ್ಲಿ ಆಗ ಎಮ್ಮೆಗಳಿಗೆ ಹಸಿಹುಲ್ಲು ಬೆಳೆಯುತ್ತಿದ್ದರು, ಆಳೆತ್ತರದ ಹುಲ್ಲು. ಅಲ್ಲೊಬ್ಬ ಮುದುಕ ಮತ್ತು ಅವನ ಹೆಂಡತಿ. ಆಕೆಗೆ ಕಿವಿ ಕೇಳುತ್ತಿರಲಿಲ್ಲ. ಇವರನ್ನು ಕಂಡೊಡನೆ ಮುದುಕ ಕುಡುಗೋಲು ಕೆಳಗಿಟ್ಟು, ವರ್ಷಾ ವರ್ಷಾ ಬಂದು ನೀರು ಬರುತ್ತದೆ ಎನ್ನುತ್ತೀರಿ, ಬರುವುದು ಯಾವಾಗ ಎಂದು ಕಾಡಿಸಿದ.

"ಕ್ಯಾ ಸಾಬ್, ಹರ್ ಸಾಲ್ ಆಕೇ ಪಾನೀ ಆತಾ ಬೋಲ್ತೇ. ಕಬ್ ಆತಾ ಪಾನೀ?"

"ನಕ್ಕೋ ಆನಾ ಬೋಲ್ಕೇಚ್ ಆತೂಂ ಮಿಯಾಂ," ಎಂದರು ಇವರು. ಬಾರದಿರಲಿ ಎಂದೇ ನಾನು ಬರುತ್ತೇನೆ ಎಂಬುದು ಅವರ ಮಾತಿನ ಅರ್ಥ.

ಮುದುಕಿ ಬಂದು ಇವರ ಛತ್ರಿಯನ್ನು ಮುಟ್ಟಿ, ಕೈಯಾಡಿಸಿ ಏನೋ ಕೇಳಿದಳು. ಅವರಿಬ್ಬರ ನಡುವೆ ಒಂದು ಒಪ್ಪಂದವಿತ್ತು. ಹೊಳೆ ದಾಟುವ ಕಾಲುಸೇತುವೆಯ ಕಂಬಕ್ಕೆ ಕೆಂಪು ಬಟ್ಟೆ ಏರಿದರೆ ಎಲ್ಲವನ್ನೂ ಬಿಟ್ಟು ದಿನ್ನೆ ಹತ್ತಬೇಕು. ಇವರು ಚೀಲದಿಂದ ಹೊಸ ಕೆಂಪು ಬಟ್ಟೆ ತೆಗೆದು ತೋರಿಸಿದರು. ಆಕೆ ಅದನ್ನು ತಲೆಗೆ ಸುತ್ತಿಕೊಂಡು ಮದುಮಗಳಂತೆ ನಾಚಿ ನಕ್ಕಳು. ಇವರು ಆಕೆಯ ಕೈಯಿಂದ ಬಟ್ಟೆ ತಿರುಗಿ ಪಡೆಯಲು ಬಹಳ ಹೊತ್ತು ಹೆಣಗಿದರು.

ಇನ್ನು ಮುಖ್ಯ ವಿಷಯ.

ನಮ್ಮ ಕಚೇರಿಯಲ್ಲಿ ಒಂದು ರೂಢಿಯಿತ್ತು. ಬಹುಶಃ ಎಲ್ಲ ಕಚೇರಿಗಳಲ್ಲೂ ಇದ್ದಿರಬೇಕು. ಜಾವಕ ವಹಿಯಲ್ಲಿ ಪ್ರತಿದಿನ ಒಂದು ಸಂಖ್ಯೆಯನ್ನು ಮಾತ್ರ ಬರೆದು ಆ ಸಾಲನ್ನು ಖಾಲಿ ಬಿಡುವುದು. ಮೇಲಿನವರು ಯಾವುದಾದರೂ ಪತ್ರವನ್ನು ಮೂರು ದಿನ ಮರೆತು, ಅನಂತರ ಹಿಂದಿನ ತಾರೀಖಿನಲ್ಲಿ ಕಳಿಸಬಯಸಿದರೆ ಆ ಸಾಲು ಕೆಲಸಕ್ಕೆ ಬರುತ್ತಿತ್ತು. ನನಗೆ ಕೆಲಸ ಕಲಿಸಿದವರು ಇದನ್ನೂ ಕಲಿಸಿದರು. ಇದು ತಪ್ಪೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ವಹಿ ಚೊಕ್ಕಟವಾಗಿರುತ್ತಿತ್ತು, ಆ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಆ ವರ್ಷ ಮಳೆ ಬೇಗ ಹಿಡಿಯಿತು. ಕಟ್ಟೆ ತುಂಬಿತ್ತು. ನೀರನ್ನು ಹಗಲಿನಲ್ಲಿ, ಜನರಿಗೆ ತಿಳಿಸಿ, ಸ್ವಲ್ಪ ಸ್ವಲ್ಪವೇ ಬಿಡಲು ಅಪ್ಪಣೆ ಬೇಡಿ ಅವರು ಮೂರು ಪತ್ರ ಬರೆದರು. ಮೂರನೆಯದರ ಅಂಚಿನಲ್ಲಿ ನಮ್ಮ ಅಧಿಕಾರಿಗಳು ಒಂದೇ ಶಬ್ದ ಬರೆದಿದ್ದರು: "ಮಾತನಾಡಿ." ನಿರ್ಧಾರ ಬರೆಯಲು ಮನಸ್ಸಿಲ್ಲದಾಗ ಅಧಿಕಾರಿಗಳು ಹಾಗೆ ಬರೆಯುವುದು ವಾಡಿಕೆ. ಅದರಂತೆ ಮಾತನಾಡಲು ಇವರು ಶನಿವಾರ ಬಂದರು. ಅಧಿಕಾರಿಗಳು ಸಿಕಂದರಾಬಾದಿಗೆ ಮೀಟಿಂಗಿಗೆ ಹೋಗಿದ್ದರು. ಇವರು ಬೆಂಚಿನ ಮೇಲೆ ಕುಳಿತೇ ಇದ್ದರು. ಮಧ್ಯಾಹ್ನ, ತಂತಿಹಗ್ಗಕ್ಕಾಗಿ ಅವರು ಬರೆದಿದ್ದ ಬೇಡಿಕೆ ಪತ್ರ ಕೊನೆಗೂ ಸಹಿಯಾಗಿ ಉಗ್ರಾಣಕ್ಕೆ ಹೊರಡಲೆಂದು ನನ್ನ ಮೇಜಿಗೆ ಬಂತು. ಅವರು ಎದ್ದು ಬಂದು, ನಾನು ಸಂಖ್ಯೆ ಹಾಕುವುದನ್ನು ಮಗುವಿನ ಹೆಸರಿಡುವುದನ್ನು ನೋಡುವವರಂತೆ ನೋಡಿದರು.

"ಇದೇನ್ರೀ ರಾಯರ, ಮ್ಯಾಲಿನ ಸಾಲು ಬಿಟ್ಟೀರಿ?"

"ಅದು ಹಂಗ ಬಿಡೂದು ರೀ ಅಣ್ಣಾರ. ಏನರ ಅರ್ಜೆಂಟ್ ಬಂದ್ರ ಇರಲಿ ಅಂತ."

ಅವರ ಮುಖ ಅರಳಿತು. "ಶಹಭಾಸ್! ಈ ಕಚೇರಿಯೊಳಗ ಜಾಗಾ ಖಾಲಿ ಬಿಡಾಕ ಬರೂದು ನಿಮಗೊಬ್ಬರಿಗೇ ನೋಡ್ರಿ."

ಐದು ಗಂಟೆಯವರೆಗೆ ಕಾದರು. ಅಧಿಕಾರಿಗಳು ಬರಲಿಲ್ಲ. "ಸೋಮವಾರ ಫೋನ್ ಮಾಡ್ತೀನಿ, ಸಾಹೇಬ್ರಿಗೆ ನೆನಪು ಮಾಡ್ರಿ" ಎಂದು ಛತ್ರಿ ಎತ್ತಿಕೊಂಡು ಹೊರಟರು. ಸೋಮವಾರ ಅವರು ಫೋನ್ ಮಾಡಲಿಲ್ಲ. ಮಳೆಗೆ ಫೋನಿನ ತಂತಿ ಕಡಿದಿತ್ತು ಎಂದು ಆಮೇಲೆ ತಿಳಿಯಿತು. ನಾನು ಸಾಹೇಬರಿಗೆ ನೆನಪು ಮಾಡಲಿಲ್ಲ. ಟಪಾಲು ಬಹಳವಿತ್ತು. ಅದೂ ನನ್ನ ಖಾತೆಗೇ ಸೇರಬೇಕಾದ ಸಂಗತಿಯಾದ್ದರಿಂದ ಬರೆದಿದ್ದೇನೆ.

ಮಂಗಳವಾರದ ಸಂಗತಿಯನ್ನು ಕಟ್ಟೆಯ ಕಾವಲಿನ ಲಸ್ಕರ್ ಹೇಳಿದಂತೆ ನಿವೇದಿಸುತ್ತೇನೆ. ಮಧ್ಯಾಹ್ನದ ಹೊತ್ತಿಗೆ ನೀರು ಕಟ್ಟೆಯ ತಲೆಯ ಹತ್ತಿರ ಬಂತು. ಇನ್ನೂ ಕಾದರೆ ಕಟ್ಟೆಯೇ ಹೋಗುತ್ತಿತ್ತು, ಅದರ ಹಿಂದೆ ಅರ್ಧ ಊರು ಹೋಗುತ್ತಿತ್ತು. ಅಪ್ಪಣೆ ಇಲ್ಲದೆಯೇ ಅವರು ಗೇಟು ಎತ್ತಲು ನಿರ್ಧರಿಸಿದರು. ಲಸ್ಕರನ ಕೈಗೆ ವಹಿಯನ್ನೂ ಕೆಂಪು ಬಟ್ಟೆಯನ್ನೂ ಕೊಟ್ಟು ಸೈಕಲ್ ಮೇಲೆ ಕೆಳಗೆ ಓಡಿಸಿ, ಅವನು ಕೊನೆಯ ಮನೆ ಮುಟ್ಟುವಷ್ಟು ಹೊತ್ತು ಗಡಿಯಾರ ನೋಡುತ್ತ ಕಾದರು. ನಿಯಮದಂತೆ ಮೊದಲು ನಡುವಿನ ಮೂರನೆಯ ಗೇಟು ಎತ್ತಿದರು. ಅದು ಗೇಣಿನಷ್ಟು ಎದ್ದು, ಹಗ್ಗ ಹರಿದು, ಓರೆಯಾಗಿ ಸಿಕ್ಕಿಕೊಂಡಿತು. ಹೀಗಾಗಿ ಉಳಿದ ನಾಲ್ಕನ್ನೂ ಒಮ್ಮೆಲೇ ಪೂರ್ತಿ ಎತ್ತಬೇಕಾಯಿತು. ಐದು ಬಾಗಿಲಲ್ಲಿ ಮೆಲ್ಲಗೆ ಹೋಗಬೇಕಾದ ನೀರು ನಾಲ್ಕರಲ್ಲಿ ನುಗ್ಗಿತು.

ವಹಿಯಲ್ಲಿದ್ದವರಲ್ಲಿ ಒಬ್ಬರ ಹೊರತು ಎಲ್ಲರೂ ದಿನ್ನೆ ಹತ್ತಿದ್ದರು. ಬಾಣಂತಿಯನ್ನು ಹೊರಸಿನ ಮೇಲೆ ಹೊತ್ತಿದ್ದರು. ಮುದುಕನೂ ಹತ್ತಿದ್ದ, ಹೆಂಡತಿ ಮುಂದೆ ಹೋಗಿದ್ದಾಳೆಂದು ತಿಳಿದು. ಆಕೆ ಆಳೆತ್ತರದ ಹುಲ್ಲಿನ ನಡುವೆ ಬಗ್ಗಿ ಕೊಯ್ಯುತ್ತಿದ್ದಳು. ಲಸ್ಕರ್ ಕೂಗಿದ. ಕಂಬದಲ್ಲಿ ಕೆಂಪು ಬಟ್ಟೆ ಹಾರುತ್ತಿತ್ತು. ಬಗ್ಗಿದವಳಿಗೆ ಅದು ಕಾಣುವಂತಿರಲಿಲ್ಲ.

ಬುಧವಾರ ಬೆಳಿಗ್ಗೆ ಹೆಡ್ ಕ್ಲಾರ್ಕರು ನನ್ನನ್ನು ಸಾಹೇಬರ ಕೋಣೆಗೆ ಕರೆದರು. ಮೇಜಿನ ಮೇಲೆ ಆಗತಾನೆ ಟೈಪಾದ ಒಂದು ಪತ್ರವಿತ್ತು. ಕೆಳಗಿನ ನಿವಾಸಿಗಳಿಗೆ ಒಂದು ದಿನ ಮೊದಲೇ ಖುದ್ದಾಗಿ ಮುನ್ಸೂಚನೆ ಕೊಡತಕ್ಕದ್ದು, ತಂತಿಹಗ್ಗಗಳನ್ನು ಪರೀಕ್ಷಿಸಿ ವರದಿ ಮಾಡತಕ್ಕದ್ದು, ತಪ್ಪಿದಲ್ಲಿ ಗೇಟು ಮೇಲ್ವಿಚಾರಕರೇ ಹೊಣೆ. ತಾರೀಖು ಹಿಂದಿನ ಶನಿವಾರದ್ದು.

"ಶನಿವಾರದ ಖಾಲಿ ನಂಬರು ಐತಲ್ಲ, ಅದನ್ನ ಹಾಕ್ರಿ," ಎಂದರು ಹೆಡ್ ಕ್ಲಾರ್ಕರು.

"ಇದು ಅವರಿಗೆ ಮುಟ್ಟೇತೇನ್ರಿ?" ಎಂದೆ.

"ನಿಮಗ ಓದಂತ ಯಾರು ಹೇಳ್ಯಾರ? ನಂಬರ್ ಹಾಕ್ರಿ ಅಂದ್ರ ನಂಬರ್ ಹಾಕ್ರಿ."

ಸಾಹೇಬರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ತಿರುಗದೆಯೇ ತೆಲುಗಿನಲ್ಲಿ ಮೆಲ್ಲಗೆ ಹೇಳಿದರು, "ಆಯನ ಆ ರೋಜು ಇಕ್ಕಡೇ ಉನ್ನಾಡು ಕದಾ." ಆತ ಆ ದಿನ ಇಲ್ಲೇ ಇದ್ದನಲ್ಲ, ಎಂದು.

ಹೆಡ್ ಕ್ಲಾರ್ಕರಿಗೆ ಕೂಡಲೇ ಹೊಳೆಯಿತು. "ಹೌದಲ್ಲ! ದಿನಾ ಪೂರ್ತಿ ಬೆಂಚಿನ ಮ್ಯಾಲ ಕುಂತಿದ್ದ. ಷರಾ ಕಲಮಿನೊಳಗ ಬರೀರಿ, ಖುದ್ದು ಕೈಗೆ ಕೊಟ್ಟಿದೆ ಅಂತ."

ನಾನು ನನ್ನ ಮೇಜಿಗೆ ಬಂದು ವಹಿ ತೆರೆದು ಬರೆದೆ. ಅರ್ಧ ನಿಮಿಷ ಹಿಡಿಯಿತು. ಯಾರೂ ನನ್ನನ್ನು ಹೆದರಿಸಲಿಲ್ಲ, ಯಾರೂ ನನಗೆ ಏನನ್ನೂ ಕೊಡಲಿಲ್ಲ. ದಿನವೂ ಬರೆದಂತೆಯೇ ಬರೆದೆ. ಅಕ್ಷರ ದುಂಡಗೆ, ಸಾಲಿನ ಮೇಲೆಯೇ ಬಂತು. ಒತ್ತುಕಾಗದದಿಂದ ಶಾಯಿ ಒತ್ತಿ ವಹಿ ಮುಚ್ಚಿದ ಮೇಲೆ, ಕೆಳಗಿನ ಸಾಲಿನಲ್ಲಿ ಅವರ ತಂತಿಹಗ್ಗದ ಪತ್ರವಿದೆ ಎಂಬುದು ನೆನಪಾಯಿತು. ಆ ಸಾಲು ಖಾಲಿ ಇದ್ದುದನ್ನು ಅವರು ಕಣ್ಣಾರೆ ಕಂಡಿದ್ದಾರೆ ಎಂಬುದೂ ನೆನಪಾಯಿತು.

ವಿಚಾರಣೆ ನಮ್ಮ ಕಚೇರಿಯ ಹಜಾರದಲ್ಲೇ ನಡೆಯಿತು. ಬೇರೆ ಕಡೆಯಿಂದ ಬಂದ ವಿಚಾರಣಾಧಿಕಾರಿಗಳು ವಹಿಯನ್ನು ನನ್ನ ಮುಂದಿಟ್ಟರು. ಅಕ್ಷರ ನಿಮ್ಮದೇ? ಹೌದು. ಸಂಖ್ಯೆ ಕ್ರಮವಾಗಿದೆಯೇ? ಇದೆ. ಪತ್ರವನ್ನು ಇವರ ಕೈಗೆ ಕೊಟ್ಟದ್ದು ನಿಜವೇ?

ಇವರು ಮೂರು ಮೊಳ ದೂರದಲ್ಲಿ, ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ವಹಿಯಲ್ಲಿ ನಮೂದಾಗಿರುವಂತೆ," ಎಂದೆ. ಹೌದೆಂದೂ ಅಲ್ಲ, ಅಲ್ಲವೆಂದೂ ಅಲ್ಲ. ಮೂವತ್ತನಾಲ್ಕು ವರ್ಷದಲ್ಲಿ ನಾನು ಕಲಿತ ಭಾಷೆಯೇ ಅದು. ಅದೇ ಭಾಷೆಯಲ್ಲಿ ಇದನ್ನೂ ಬರೆಯುತ್ತಿದ್ದೇನೆ. ನನಗೆ ಬೇರೆಯದು ಬರುವುದಿಲ್ಲ.

ವಹಿಯನ್ನು ಅವರಿಗೂ ತೋರಿಸಿದರು. ಅವರು ಆ ಪುಟವನ್ನು ನೋಡಿದರು. ಅರ್ಧ ಹೆಬ್ಬೆರಳನ್ನು ಆ ಸಾಲಿನ ಮೇಲಿಟ್ಟು, ಕೆಳಗಿನ ಸಾಲಿಗೆ ಸರಿಸಿ, ಮತ್ತೆ ಮೇಲಕ್ಕೆ ತಂದರು. ಆಮೇಲೆ ನನ್ನನ್ನು ನೋಡಿದರು. ಅವರು ಒಂದು ಮಾತು ಆಡಿದ್ದರೆ, ಈ ಸಾಲು ಖಾಲಿ ಇತ್ತು ರೀ ಎಂದಿದ್ದರೆ, ಅಂದೇ ನನ್ನ ನೌಕರಿ ಹೋಗುತ್ತಿತ್ತು, ಅವರ ಕಟ್ಟೆ ಅವರಿಗೆ ಉಳಿಯುತ್ತಿತ್ತು. ನಾನು ಆ ಮಾತಿಗಾಗಿ ಕಾದೆ. ಬರಲಿ ಎಂದು ಕಾದೆನೋ ಬಾರದಿರಲಿ ಎಂದು ಕಾದೆನೋ ಹೇಳಲಾರೆ.

"ನಿಮ್ಮ ಹೇಳಿಕೆ ಏನು?" ಎಂದರು ವಿಚಾರಣಾಧಿಕಾರಿಗಳು.

"ಪತ್ರದ ಮಾತು ಪತ್ರದವರಿಗೇ ಗೊತ್ತು ರೀ. ಆಕಿಗೆ ಕಿವಿ ಕೇಳೂದಿಲ್ಲ ಅಂತ ನನಗ ಗೊತ್ತಿತ್ತು. ಲಸ್ಕರ್‌ನ ಕಳಿಸಿದೆ, ನಾ ಹೋಗಲಿಲ್ಲ. ಇದಷ್ಟು ಬರಕೊಳ್ರಿ."

ಬರೆದುಕೊಂಡರು. ತಪ್ಪೊಪ್ಪಿಗೆ ಎಂಬ ಶೀರ್ಷಿಕೆಯಡಿ ಬರೆದುಕೊಂಡರು. ಹೊರಗೆ ಬಂದಾಗ ಅವರು, "ರಾಯರ, ಬಸ್ಸಿಗೆ ಹೊತ್ತಾತು, ಬರ್ತೀನಿ. ವೈನಿಗೆ ಕೇಳಿದೆ ಅಂತ ಹೇಳ್ರಿ" ಎಂದರು. ಎಂದಿನ ದನಿಯೇ. ಅದಾದ ಮೇಲೆ ಅವರು ನಮ್ಮ ಮನೆಗೆ ಊಟಕ್ಕೆ ಬರಲಿಲ್ಲ. ಭಾವಜಿಗೆ ಏನಾಗೇತಿ ಎಂದು ಹೆಂಡತಿ ಕೇಳುತ್ತಲೇ ಇದ್ದಳು. ಆಕೆಗೆ ಸಾಯುವವರೆಗೂ ನಾನು ಹೇಳಲಿಲ್ಲ.

ಅವರನ್ನು ಕಟ್ಟೆಯಿಂದ ತೆಗೆದು ಪಟಾನ್‌ಚೆರುವಿನ ಕಡೆ ಕೊಳವೆಗಳ ಉಗ್ರಾಣಕ್ಕೆ ಹಾಕಿದರು. ನಿವೃತ್ತಿಯವರೆಗೂ ಕಾರ್ಖಾನೆ ಕೆಲಸಗಾರರ ಬಸ್ಸಿನಲ್ಲಿ ನಿಂತುಕೊಂಡು ಹೋಗಿಬಂದರು.

ಹಲವು ವರ್ಷಗಳ ನಂತರ ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯೊಂದರಲ್ಲಿ ಅವರು ಕಂಡರು. ಕೆಂಪು ಬಟ್ಟೆ ಹರಿಸುತ್ತಿದ್ದರು. ಕ್ಯಾಲೆಂಡರು ನೋಡದೆಯೇ ನನಗೆ ತಿಳಿಯಿತು, ಮಿರಗ ಹತ್ತಿರ ಬಂದಿದೆ ಎಂದು. ಕಟ್ಟೆಯಲ್ಲಿ ಅವರಿಗೆ ಈಗ ಯಾವ ಅಧಿಕಾರವೂ ಇರಲಿಲ್ಲ. ಆದರೂ ವರ್ಷಕ್ಕೊಮ್ಮೆ ರಜೆ ಹಾಕಿ, ಹೊಳೆಯುದ್ದಕ್ಕೂ ಹೋಗಿ ವಹಿ ತಿದ್ದುತ್ತಿದ್ದರು. ನಾನು ಹತ್ತಿರ ಹೋಗಿ, "ಅಣ್ಣಾರ, ಆ ನಂಬರಿನ ವಿಷಯ..." ಎಂದೆ.

ಅವರು ಬಟ್ಟೆ ಮಡಿಸುತ್ತ ಕೇಳಿದರು, "ಈಗೂ ಸಾಲು ಬಿಡ್ತೀರೇನು ರಾಯರ?"

"ಬಿಡ್ತೀನ್ರಿ," ಎಂದೆ. ಸುಳ್ಳು ಹೇಳಬಹುದಿತ್ತು. ಅವರ ಮುಂದೆ ಆಡಿದ ಒಂದು ನಿಜ ಅದು.

ಅವರು ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಜನರಲ್ಲಿ ಸೇರಿಹೋದರು. ನಾನು ನಿವೃತ್ತಿಯ ದಿನದವರೆಗೂ ಸಾಲು ಬಿಟ್ಟೆ.

ಕಳೆದ ತಿಂಗಳು ಅವರು ತೀರಿಕೊಂಡ ಮೂರನೆಯ ದಿನ ಕಾಚಿಗುಡಕ್ಕೆ ಹೋದೆ. ಅವರ ಮಗಳು ಒಳಗಿನಿಂದ ರಟ್ಟಿನ ಹೊದಿಕೆಯ ವಹಿಯನ್ನು ತಂದುಕೊಟ್ಟಳು.

"ಕಾಕಾ, ಇದನ್ನ ನಿಮಗ ಕೊಡು ಅಂದಿದ್ರು ಅಪ್ಪ."

"ಯಾಕಂತ?"

"ಅದನ್ನೇನೂ ಹೇಳಲಿಲ್ರಿ. ರಾಯರು ವಹಿ ಚೊಕ್ಕ ಇಡ್ತಾರ, ಅಂದ್ರು."

ವಹಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದ್ದೆ. ಆಕೆ ತಂದಿಟ್ಟ ನೀರು ಹಾಗೆಯೇ ಇತ್ತು.

ಮನೆಗೆ ಬಂದು ಸದರಿ ಇಲಾಖೆಗೆ ನನ್ನ ಸಹಿಯಲ್ಲಿ ಒಂದು ಅರ್ಜಿ ಬರೆದೆ. ನಡೆದದ್ದೆಲ್ಲವನ್ನೂ ಬರೆದು, ಅವರ ಸೇವಾ ಪುಸ್ತಕದ ಷರಾವನ್ನು ರದ್ದುಪಡಿಸಬೇಕೆಂದೂ ನನ್ನ ಮೇಲೆ ಸೂಕ್ತ ಕ್ರಮ ಕೈಗೊಳ್ಳಬೇಕೆಂದೂ ಕೋರಿದೆ. ಕಾಲಿಗೆ ಬಿದ್ದವನಂತೆ ಕೋರಿದೆ. ಮೊನ್ನೆ ಉತ್ತರ ಬಂದಿದೆ. ಸದರಿ ಅವಧಿಯ ಜಾವಕ ವಹಿಗಳನ್ನು ಅವಧಿ ಮೀರಿದ ದಾಖಲೆಗಳೆಂದು ನಾಶಪಡಿಸಲಾಗಿದೆ. ಆಧಾರವಿಲ್ಲದ್ದರಿಂದ ಮನವಿಯನ್ನು ಪರಿಶೀಲಿಸಲು ಬರುವುದಿಲ್ಲ. ಸುಳ್ಳು ಬರೆದ ಸಾಲು ಸುಟ್ಟುಹೋಗಿದೆ. ಅದನ್ನು ನಂಬಿ ಬರೆದ ಷರಾ ಹಾಗೆಯೇ ಇದೆ.

ನಿನ್ನೆ ಧೈರ್ಯ ಮಾಡಿ ಅವರ ವಹಿಯನ್ನು ತೆರೆದೆ. ವರ್ಷಕ್ಕೊಂದು ಪಟ್ಟಿ. ಪ್ರತಿ ಹೆಸರಿನ ಮುಂದೆ, ಹೇಳಿದವರು ಯಾರು ಎಂಬ ಕಲಮಿನಲ್ಲಿ ಅವರ ಸಣ್ಣ ಸಹಿ. ಆ ವರ್ಷದ ಪುಟಕ್ಕೆ ಬಂದೆ. ಉಳಿದವರ ಮುಂದೆ ಲಸ್ಕರ್ ಹೇಳಿದನೆಂದು ಬರೆದು ಸಣ್ಣ ಸಹಿ ಮಾಡಿದ್ದರು. ಹುಲ್ಲು ಕೊಯ್ಯುವ ಮುದುಕಿಯ ಹೆಸರಿನ ಮುಂದೆ ಸಣ್ಣ ಸಹಿಯಿರಲಿಲ್ಲ. ಬದಲಾಗಿ ಪೂರ್ಣ ವಾಕ್ಯವಿತ್ತು: "ಈಕೆಗೆ ನಾನು ತಿಳಿಸಲಿಲ್ಲ." ಕೆಳಗೆ ಪೂರ್ಣ ಹೆಸರು, ಪೂರ್ಣ ಸಹಿ, ಅದೇ ಮಂಗಳವಾರದ ತಾರೀಖು. ವಿಚಾರಣೆಗೆ ಮೊದಲು, ಯಾರೂ ಕೇಳುವ ಮೊದಲೇ, ಅವರು ಅದನ್ನು ಬರೆದಿಟ್ಟಿದ್ದರು. ಅದರ ಕೆಳಗೆ ಆ ಪುಟ ಖಾಲಿ.

ಈ ವಹಿಗೆ ಸಂಖ್ಯೆಯಿಲ್ಲ, ಮೊಹರಿಲ್ಲ. ಯಾವ ಕಚೇರಿಯೂ ಇದನ್ನು ದಾಖಲೆಯೆಂದು ಒಪ್ಪುವುದಿಲ್ಲ. ಇದನ್ನು ತೆರೆದು ನೋಡಬೇಕಾದವರೂ ಯಾರೂ ಉಳಿದಿಲ್ಲ. ಆದರೂ ಆ ಖಾಲಿ ಜಾಗದಲ್ಲಿ ನಿನ್ನೆಯೇ ಮೂರು ಸಾಲು ಬರೆದಿದ್ದೇನೆ. ಆ ಶನಿವಾರ ಇವರ ಕೈಗೆ ಯಾವ ಪತ್ರವನ್ನೂ ಕೊಟ್ಟಿಲ್ಲ. ಆ ಸಂಖ್ಯೆಯ ಸಾಲು ಬುಧವಾರದವರೆಗೆ ಖಾಲಿ ಇತ್ತು. ಅದನ್ನು ತುಂಬಿದವನು ನಾನು. ಕೆಳಗೆ ನನ್ನ ಪೂರ್ಣ ಹೆಸರನ್ನು ಬರೆದು ಸಹಿ ಮಾಡಿದ್ದೇನೆ.

ತಾರೀಖನ್ನು ನಿನ್ನೆಯದೇ ಹಾಕಿದ್ದೇನೆ.